ಸೊಂಟದ ಕೀಲು ಬದಲಿಸಿದ ಮೇಲೆ ಮತ್ತೆ ಬೈಕ್ ಏರಬಹುದೇ?

ಸೊಂಟದ ಕೀಲು ಬದಲಾಯಿಸಿಕೊಂಡು ಮನೆಗೆ ಬಂದವರು ಮೊದಲು ಕೇಳುವುದು ‘ಯಾವಾಗ ನಡೆಯಬಹುದು?’ ಎಂದು. ಆಮೇಲೆ ‘ಯಾವಾಗ ಕೆಲಸಕ್ಕೆ ಹೋಗಬಹುದು?’ ಎಂದು. ಸುಂಕದಕಟ್ಟೆಯಂತಹ ಕಡೆ ಮೂರನೆಯ ಪ್ರಶ್ನೆಯೊಂದು ತಪ್ಪದೆ ಬರುತ್ತದೆ: ‘ಡಾಕ್ಟ್ರೇ, ಗಾಡಿ ಯಾವಾಗ ಓಡಿಸಲಿ?’

ಈ ಪ್ರಶ್ನೆಯನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಮಾಗಡಿ ರಸ್ತೆಯ ಎರಡೂ ಬದಿಯ ಬಡಾವಣೆಗಳಿಂದ ಪೀಣ್ಯದ ಕಾರ್ಖಾನೆಗಳಿಗೆ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗಳಿಗೆ ಪಾಳಿಯ ಮೇಲೆ ಹೋಗುವವರಿಗೆ ದ್ವಿಚಕ್ರ ವಾಹನವೇ ಕಾಲು. ಗಾಡಿ ನಿಂತರೆ ಸಂಪಾದನೆಯೂ ನಿಲ್ಲುತ್ತದೆ. ಇನ್ನು ಕೆಲವರ ಪ್ರಶ್ನೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಭಾನುವಾರ ಬಂತೆಂದರೆ ಸಾವನದುರ್ಗ, ಮಂಚನಬೆಲೆ ಕಡೆಯ ಮಣ್ಣುದಾರಿಗಳಲ್ಲಿ ಬೈಕ್ ಓಡಿಸುವ ಹವ್ಯಾಸ ಅವರದು. ‘ಆಪರೇಷನ್ ಆಯಿತು, ನೋವು ಹೋಯಿತು. ಇನ್ನು ಆ ಸಂತೋಷವನ್ನು ಬಿಡಬೇಕೇ?’ ಎಂಬುದು ಅವರ ಕೊರಗು.

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಆದರೆ ಉತ್ತರ ಹುಡುಕುವ ದಾರಿ ಇದೆ. ‘ನನ್ನಿಂದ ಓಡಿಸಲು ಆಗುತ್ತದೆಯೇ?’ ಎಂದು ಕೇಳಿಕೊಂಡರೆ ಸಾಲದು. ‘ಬಿದ್ದರೆ ಏನಾಗುತ್ತದೆ?’ ಎಂದೂ ಕೇಳಿಕೊಳ್ಳಬೇಕು. ಹೊಸ ಕೀಲು ಓಡಿಸಲು ಬಿಡುತ್ತದೆ. ಬೀಳುವುದನ್ನು ಮಾತ್ರ ಅದು ಸುಲಭವಾಗಿ ಕ್ಷಮಿಸುವುದಿಲ್ಲ.

ಬದಲಾಗುವುದು ಏನು?

ನಮ್ಮ ಮಾತಿನಲ್ಲಿ ‘ಸೊಂಟ’ ಎಂದರೆ ಬೆನ್ನಿನ ಕೆಳಭಾಗವೂ ಹೌದು, ಚಪ್ಪೆಯೂ ಹೌದು. ಇಲ್ಲಿ ಹೇಳುತ್ತಿರುವುದು ತೊಡೆಮೂಳೆ ಚಪ್ಪೆಯನ್ನು ಸೇರುವ ಕೀಲಿನ ವಿಷಯ. ತೊಡೆಮೂಳೆಯ ತುದಿ ಚೆಂಡಿನಂತೆ ದುಂಡಗಿದೆ; ಚಪ್ಪೆಯ ಮೂಳೆಯಲ್ಲಿ ಅದಕ್ಕೆ ಸರಿಹೊಂದುವ ಬಟ್ಟಲು ಇದೆ. ಈ ಕೀಲು ಕೆಟ್ಟಾಗ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಕಾಣುತ್ತದೆ. ಕೆಲವೊಮ್ಮೆ ಮಂಡಿಯಲ್ಲೇ ನೋವು ಕಂಡು, ರೋಗಿ ಮಂಡಿಗೆ ಮುಲಾಮು ತಿಕ್ಕುತ್ತಾ ತಿಂಗಳುಗಟ್ಟಲೆ ಕಳೆಯುವುದೂ ಉಂಟು.

ಶಸ್ತ್ರಚಿಕಿತ್ಸೆಯಲ್ಲಿ ಕೆಟ್ಟ ಚೆಂಡನ್ನು ಕತ್ತರಿಸಿ ತೆಗೆದು, ತೊಡೆಮೂಳೆಯ ಟೊಳ್ಳಿನೊಳಗೆ ಲೋಹದ ಕಡ್ಡಿಯೊಂದನ್ನು ಇಳಿಸುತ್ತಾರೆ. ಅದರ ತುದಿಗೆ ಲೋಹದ ಅಥವಾ ಸೆರಾಮಿಕ್‌ನ ಹೊಸ ಚೆಂಡು. ಚಪ್ಪೆಯ ಕಡೆ ಹೊಸ ಬಟ್ಟಲು, ಅದರೊಳಗೆ ಸಾಮಾನ್ಯವಾಗಿ ಪಾಲಿಥೀನ್‌ನ ಪದರ. 1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲೀ ಈ ರೀತಿಯ ಕೀಲಿಗೆ ನೆಲೆಯಾದ ರೂಪ ಕೊಟ್ಟರು. ಇಂದಿನ ಕೀಲುಗಳು ಅದೇ ತತ್ವದ ಸುಧಾರಿತ ರೂಪಗಳು.

ಇದು ಮುದುಕರ ಆಪರೇಷನ್ ಎಂಬ ಭಾವನೆ ನಮ್ಮಲ್ಲಿದೆ. ಆದರೆ ನಮ್ಮ ದೇಶದಲ್ಲಿ ಮೂವತ್ತು, ನಲವತ್ತರ ವಯಸ್ಸಿನವರಿಗೂ ಇದು ಬೇಕಾಗುತ್ತಿದೆ. ಮುಖ್ಯ ಕಾರಣ ‘ಎವಿಎನ್’ ಎಂದು ಕರೆಯುವ ತೊಂದರೆ. ರಕ್ತಸಂಚಾರ ಕಡಿಮೆಯಾಗಿ ಮೂಳೆಯ ಚೆಂಡು ಒಳಗಿಂದಲೇ ಸತ್ತು ಕುಸಿಯುತ್ತದೆ. ಅತಿಯಾದ ಮದ್ಯಪಾನ, ಬಹಳ ಕಾಲ ಅಥವಾ ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಸೇವನೆ, ಅಪಘಾತದಲ್ಲಿ ತೊಡೆಮೂಳೆಯ ಕತ್ತು ಮುರಿಯುವುದು ಇದಕ್ಕೆ ದಾರಿ. ಕೋವಿಡ್ ಚಿಕಿತ್ಸೆಯಲ್ಲಿ ಸ್ಟೀರಾಯ್ಡ್ ಪಡೆದ ಕೆಲವರಲ್ಲಿಯೂ 2021ರಿಂದ ಇದು ವರದಿಯಾಗಿದೆ. ಇಂಥ ರೋಗಿಗಳು ದುಡಿಯುವ ವಯಸ್ಸಿನವರು, ಗಾಡಿ ಓಡಿಸುವ ವಯಸ್ಸಿನವರು. ಬೈಕಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕೀಲಿನ ಮೇಲೆ ಎಷ್ಟು ಭಾರ?

ಬರ್ಲಿನ್‌ನ ಸಂಶೋಧಕರು ಕೃತಕ ಕೀಲಿನೊಳಗೇ ಅಳತೆಯ ಉಪಕರಣವನ್ನಿಟ್ಟು ಭಾರವನ್ನು ಅಳೆದಿದ್ದಾರೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಕೀಲಿನ ಮೇಲೆ ಬೀಳುವ ಒತ್ತಡ ದೇಹತೂಕದ ಸುಮಾರು ಎರಡೂವರೆ ಪಟ್ಟು. ಎಡವಿ ಮುಗ್ಗರಿಸಿದ ಕ್ಷಣದಲ್ಲಿ ಅದು ಎಂಟು ಪಟ್ಟಿನವರೆಗೂ ಏರುತ್ತದೆ. ಅಂದರೆ 70 ಕಿಲೋ ತೂಕದವರಿಗೆ ನಡೆಯುವಾಗ 175 ಕಿಲೋ, ಎಡವಿದಾಗ 560 ಕಿಲೋ! ಬೀಳದೆ ಸಾವರಿಸಿಕೊಳ್ಳುವ ಆ ಒಂದು ಕ್ಷಣದ ಲೆಕ್ಕ ಇದು. ಬೈಕ್ ಓರೆಯಾದಾಗ ಕಾಲೂರಿ ತಡೆಯುತ್ತೀರಲ್ಲ, ಅದೂ ಇದೇ ಬಗೆಯ ಕ್ಷಣ.

ಬಾಳಿಕೆಯ ಮಾತಿಗೆ ಬಂದರೆ, 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ 100 ಕೃತಕ ಸೊಂಟದ ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಈಗಿನ ಪಾಲಿಥೀನ್ ಹಿಂದಿನದಕ್ಕಿಂತ ಕಡಿಮೆ ಸವೆಯುವುದರಿಂದ ಇನ್ನೂ ಹೆಚ್ಚು ಬಾಳಿಕೆಯ ಆಶೆ ಇದೆ. ಆದರೂ ನಲವತ್ತರಲ್ಲಿ ಕೀಲು ಹಾಕಿಸಿಕೊಂಡವರು ಜೀವನದಲ್ಲಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ತಿಳಿದಿರಬೇಕು. ಎರಡನೆಯ ಬಾರಿಯದು ಮೊದಲಿನದಕ್ಕಿಂತ ದೊಡ್ಡದು, ಖರ್ಚಿನದು, ಫಲಿತಾಂಶವೂ ಅಷ್ಟು ಖಚಿತವಲ್ಲ. ಅದನ್ನು ಆದಷ್ಟು ಮುಂದಕ್ಕೆ ತಳ್ಳುವುದೇ ಜಾಣತನ.

ಮೂರು ಅಪಾಯಗಳು

ಮೊದಲನೆಯದು ಕೀಲು ಜಾರುವುದು. ಚೆಂಡು ಬಟ್ಟಲಿನಿಂದ ಹೊರಬರುತ್ತದೆ. ಮೊದಲ ಮೂರು ತಿಂಗಳಲ್ಲಿ ಈ ಭಯ ಹೆಚ್ಚು. ಕೀಲಿನ ಸುತ್ತಲಿನ ಪೊರೆ ಮತ್ತು ಸ್ನಾಯುಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಸೊಂಟದ ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಮಂಡಿಯನ್ನು ಎದೆಯ ಕಡೆ ತೀರಾ ಮಡಚುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಕ್ಕೆ ತಿರುಗಿಸುವುದು ಅಪಾಯ. ಮುಂಬದಿಯಿಂದ ಆಗಿದ್ದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಅಪಾಯ. ಬೈಕ್ ಹತ್ತುವಾಗ ಬಲಗಾಲನ್ನು ಸೀಟಿನ ಮೇಲಿಂದ ಹಿಂದಕ್ಕೆ ಬೀಸುವ ಚಲನೆಯನ್ನೇ ನೆನೆಸಿಕೊಳ್ಳಿ. ನಿಮಗೆ ಯಾವ ಬದಿಯಿಂದ ಆಪರೇಷನ್ ಆಗಿದೆ ಎಂಬುದನ್ನು ಸರ್ಜನ್ ಬಳಿ ಕೇಳಿ ತಿಳಿದುಕೊಳ್ಳುವುದು ಇದಕ್ಕಾಗಿಯೇ.

ಎರಡನೆಯದು ಮೂಳೆ ಮುರಿಯುವುದು. ಲೋಹದ ಕಡ್ಡಿ ಗಟ್ಟಿ, ಅದರ ಸುತ್ತಲಿನ ಮೂಳೆ ಅಷ್ಟು ಗಟ್ಟಿಯಲ್ಲ. ಬಿದ್ದ ಪೆಟ್ಟು ಕಡ್ಡಿ ಮುಗಿಯುವ ಕಡೆ ಅಥವಾ ಅದರ ಸುತ್ತ ಮೂಳೆಯನ್ನು ಸೀಳುತ್ತದೆ. ಸಾಮಾನ್ಯ ಮೂಳೆಮುರಿತಕ್ಕೆ ಹಾಕುವ ರಾಡನ್ನು ಇಲ್ಲಿ ಹಾಕಲಾಗದು, ಏಕೆಂದರೆ ಟೊಳ್ಳಿನೊಳಗೆ ಆಗಲೇ ಕಡ್ಡಿ ಇದೆ. ಪ್ಲೇಟು, ತಂತಿಗಳಿಂದ ಕಟ್ಟಬೇಕು. ಕಡ್ಡಿ ಸಡಿಲವಾಗಿದ್ದರೆ ಅದನ್ನೂ ತೆಗೆದು ಉದ್ದದ ಕಡ್ಡಿ ಹಾಕಬೇಕು. ಮತ್ತೆ ತಿಂಗಳುಗಟ್ಟಲೆ ವಾಕರ್. ಬೈಕಿನ ವಿಷಯದಲ್ಲಿ ನಾವು ಹೆಚ್ಚು ಹೆದರುವುದು ಇದಕ್ಕೆ.

ಮೂರನೆಯದು ನಿಧಾನವಾದದ್ದು: ಸವೆತ ಮತ್ತು ಸಡಿಲವಾಗುವುದು. ಸಿಮೆಂಟ್ ಇಲ್ಲದೆ ಕೂರಿಸಿದ ಕಡ್ಡಿಯ ಒರಟು ಮೇಲ್ಮೈಗೆ ಮೂಳೆ ಬೆಳೆದು ಅಂಟಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ಆ ಅವಧಿಯಲ್ಲಿ ಗುಂಡಿಬಿದ್ದ ರಸ್ತೆಯ ಕುಲುಕಾಟ ಒಳ್ಳೆಯದಲ್ಲ.

ವಾರಗಳ ಲೆಕ್ಕ

ಮೊದಲ ಆರು ವಾರ: ಗಾಡಿಯ ಮಾತೇ ಬೇಡ. ಹಿಂದಿನ ಸೀಟಿನಲ್ಲಿ ಕೂತು ಹೋಗುವುದೂ ಬೇಡ. ಫಾಲೋ-ಅಪ್‌ಗೆ ಆಸ್ಪತ್ರೆಗೆ ಹೋಗಬೇಕಾದರೆ ಕಾರು ಅಥವಾ ಟ್ಯಾಕ್ಸಿಯ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಸ್ವಲ್ಪ ಒರಗಿಸಿ, ಸೀಟು ತಗ್ಗಾಗಿದ್ದರೆ ದಿಂಬು ಹಾಕಿ ಕುಳಿತುಕೊಳ್ಳಿ. ಈ ಅವಧಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆಗಳನ್ನು ಕೊಟ್ಟಿರುತ್ತಾರೆ. ಅವು ಇರುವಾಗ ತಲೆಗೆ ಸಣ್ಣ ಪೆಟ್ಟು ಬಿದ್ದರೂ ರಕ್ತಸ್ರಾವದ ಅಪಾಯ ದೊಡ್ಡದು. ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳು ಮಂಪರು ತರುತ್ತವೆ ಎಂಬುದೂ ನೆನಪಿರಲಿ.

ಆರರಿಂದ ಹನ್ನೆರಡು ವಾರ: ಕಾರು ಓಡಿಸಲು ಸರ್ಜನ್ ಒಪ್ಪಬಹುದು. ದ್ವಿಚಕ್ರಕ್ಕೆ ಇನ್ನೂ ಕಾಯಬೇಕು. ಕಾರು ತಾನಾಗಿ ನಿಲ್ಲುತ್ತದೆ, ಬೈಕನ್ನು ನಿಲ್ಲಿಸಿಕೊಳ್ಳುವುದು ನಿಮ್ಮ ಕಾಲು. ಈ ಸಮಯವನ್ನು ಫಿಸಿಯೋಥೆರಪಿಗೆ, ವಿಶೇಷವಾಗಿ ಸೊಂಟದ ಪಕ್ಕದ ಸ್ನಾಯುಗಳ ವ್ಯಾಯಾಮಕ್ಕೆ ಕೊಡಿ.

ಮೂರು ತಿಂಗಳ ನಂತರ: ಎಕ್ಸ್-ರೇ ಸರಿಯಿದ್ದು, ಸರ್ಜನ್ ಒಪ್ಪಿದರೆ ಗೇರಿಲ್ಲದ ಸ್ಕೂಟರಿನಿಂದ ಆರಂಭಿಸಬಹುದು. ಮೊದಲು ಬಡಾವಣೆಯ ಖಾಲಿ ರಸ್ತೆ, ಹಗಲು ಹೊತ್ತು, ಒಬ್ಬರೇ. ಪೀಣ್ಯದ ಪಾಳಿ ಬಿಡುವ ಹೊತ್ತಿನ ನೂಕುನುಗ್ಗಲು ಆಮೇಲೆ.

ಆರು ತಿಂಗಳ ನಂತರ: ಗೇರಿನ ಬೈಕ್, ದೂರದ ಪ್ರಯಾಣ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವುದು.

ಈ ಲೆಕ್ಕ ಸಾಮಾನ್ಯವಾದದ್ದು. ಮೂಳೆ ತೆಳುವಾಗಿದ್ದವರಿಗೆ, ಎರಡನೆಯ ಬಾರಿ ಆಪರೇಷನ್ ಆದವರಿಗೆ, ಒಮ್ಮೆ ಕೀಲು ಜಾರಿದವರಿಗೆ ಬೇರೆಯೇ ಲೆಕ್ಕ.

ಮನೆಯಲ್ಲೇ ನಾಲ್ಕು ಪರೀಕ್ಷೆ

ಕ್ಯಾಲೆಂಡರ್ ಮಾತ್ರ ನೋಡಿ ಗಾಡಿ ಹತ್ತಬೇಡಿ. ಕೆಳಗಿನ ನಾಲ್ಕನ್ನೂ ನೋವಿನ ಮಾತ್ರೆಯಿಲ್ಲದೆ ಮಾಡಲು ಆಗಬೇಕು.

ಒಂದು, ಕುಂಟದೆ, ಕೋಲಿಲ್ಲದೆ ಅರ್ಧ ಗಂಟೆ ನಡೆಯುವುದು.

ಎರಡು, ಕನ್ನಡಿಯ ಮುಂದೆ ಆಪರೇಷನ್ ಆದ ಕಾಲಿನ ಮೇಲೆ ಹತ್ತು ಸೆಕೆಂಡ್ ನಿಲ್ಲುವುದು. ಇನ್ನೊಂದು ಬದಿಯ ಸೊಂಟ ಕೆಳಕ್ಕೆ ಜೋತುಬೀಳಬಾರದು, ಮೈ ಓರೆಯಾಗಬಾರದು. ಬೀಳುವ ಭಯ ಇರುವುದರಿಂದ ಪಕ್ಕದಲ್ಲಿ ಒಬ್ಬರು ಇರಲಿ.

ಮೂರು, ಕಂಬಿ ಹಿಡಿಯದೆ ಒಂದಾದ ಮೇಲೊಂದು ಕಾಲಿಟ್ಟು ಒಂದು ಮಹಡಿ ಹತ್ತಿ ಇಳಿಯುವುದು.

ನಾಲ್ಕು, ಇಂಜಿನ್ ನಿಲ್ಲಿಸಿದ ಗಾಡಿಯ ಮೇಲೆ ಕೂತು, ಎರಡು ಪಾದವನ್ನೂ ನೆಲಕ್ಕೆ ಪೂರ್ತಿ ಊರಿ, ಗಾಡಿಯನ್ನು ಎಡಕ್ಕೆ ಬಲಕ್ಕೆ ತುಸು ವಾಲಿಸಿ ಹಿಡಿದು ನಿಲ್ಲಿಸುವುದು. ಇದಕ್ಕೂ ಪಕ್ಕದಲ್ಲಿ ಗಾಡಿ ಹಿಡಿಯಬಲ್ಲ ಒಬ್ಬರು ಇರಲಿ.

ಯಾವ ಗಾಡಿ, ಹೇಗೆ?

ಸ್ಕೂಟರಿನಲ್ಲಿ ಕಾಲನ್ನು ಹಿಂದಕ್ಕೆ ಬೀಸಬೇಕಿಲ್ಲ. ಮುಂದಿನ ಖಾಲಿ ಜಾಗದಿಂದ ದಾಟಿಸಿ ಕೂರಬಹುದು. ಎರಡೂ ಬ್ರೇಕು ಕೈಯಲ್ಲಿ ಇರುವುದರಿಂದ ಸಿಗ್ನಲ್‌ನಲ್ಲಿ ಯಾವ ಕಾಲನ್ನು ಊರಬೇಕೆಂಬುದು ನಿಮ್ಮ ಆಯ್ಕೆ. ಬೈಕಿನಲ್ಲಿ ಬಲಪಾದ ಬ್ರೇಕಿನ ಮೇಲೆ, ಆದ್ದರಿಂದ ಪ್ರತಿ ಸಲ ಭಾರ ಬೀಳುವುದು ಎಡಗಾಲಿನ ಮೇಲೆ. ಎಡ ಸೊಂಟದ ಕೀಲು ಬದಲಾದವರಿಗೆ ಸುಮನಹಳ್ಳಿ ಜಂಕ್ಷನ್‌ವರೆಗಿನ ದಟ್ಟಣೆಯಲ್ಲಿ ಇದೇ ಒಂದು ಪರೀಕ್ಷೆ.

ಕಿಕ್ ಹೊಡೆಯುವುದನ್ನು ಬಿಟ್ಟುಬಿಡಿ. ಸೆಲ್ಫ್ ಸ್ಟಾರ್ಟ್ ಕೆಟ್ಟಿದ್ದರೆ ಮೊದಲು ಮೆಕ್ಯಾನಿಕ್ ಬಳಿ ಹೋಗಲಿ. ನಡುವಿನ ಸ್ಟ್ಯಾಂಡ್ ಹಾಕಲು ಎಳೆಯುವ ಶ್ರಮವೂ ಬೇಡ, ಸೈಡ್ ಸ್ಟ್ಯಾಂಡ್ ಸಾಕು. ಮುಂದಿನ ಜಾಗದಲ್ಲಿ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಇಟ್ಟು ಮಂಡಿಗಳನ್ನು ಮಡಚಿಕೊಂಡು ಓಡಿಸುವುದಂತೂ ಕೂಡದು. ಹಂಪ್ ಬಂದಾಗ ವೇಗ ತಗ್ಗಿಸಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂರುವ ಭಂಗಿಯನ್ನು ಗಮನಿಸಿ: ಸೊಂಟ ಮಡಚಿದೆ, ಮಂಡಿಗಳು ಒಂದಕ್ಕೊಂದು ಒತ್ತಿವೆ, ಮೈ ತಿರುಚಿದೆ. ಕೀಲು ಜಾರಲು ಬೇಕಾದ ಭಂಗಿಗೆ ಇದು ಬಹಳ ಹತ್ತಿರ. ಜೊತೆಗೆ ಹಿಡಿದುಕೊಳ್ಳಲು ಆಧಾರವೂ ಕಡಿಮೆ. ಆಪರೇಷನ್ ಆದವರು ಚೂಡಿದಾರ್ ಧರಿಸಿ ಎರಡೂ ಕಡೆ ಕಾಲು ಹಾಕಿ ಕೂರಲಿ. ಅದು ಆಗದಿದ್ದರೆ ಆಟೋ ಹಿಡಿಯಲಿ.

ಮಣ್ಣುದಾರಿಯ ಬೈಕ್

ಈಗ ಕಷ್ಟದ ಪ್ರಶ್ನೆ. ಮಣ್ಣುದಾರಿಯಲ್ಲಿ ಬೈಕ್ ಓಡಿಸುವವರು ಅನೇಕ ಬಾರಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮಂಡಿ ಮತ್ತು ಸೊಂಟವನ್ನು ಸ್ಪ್ರಿಂಗಿನಂತೆ ಬಳಸುತ್ತಾರೆ. ನೋವಿಲ್ಲದ, ಬಲವಾದ ಕೃತಕ ಕೀಲು ಇಷ್ಟನ್ನು ಮಾಡಬಲ್ಲದು. ಆದ್ದರಿಂದಲೇ ಅನೇಕರು ‘ಓಡಿಸಿ ನೋಡಿದೆ, ಏನೂ ಆಗಲಿಲ್ಲ’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ.

ತೊಂದರೆ ಇರುವುದು ಉಳಿದ ಮೂರು ಕಡೆ. ತಿರುವಿನಲ್ಲಿ ಒಂದು ಕಾಲನ್ನು ಹೊರಚಾಚಿ ನೆಲಕ್ಕೆ ತಾಗಿಸುತ್ತಾರೆ. ಆ ಪಾದ ಕಲ್ಲಿಗೋ ಕೊರಕಲಿಗೋ ಸಿಕ್ಕಿದರೆ ಮೈ ಮುಂದಕ್ಕೆ, ಕಾಲು ಹಿಂದಕ್ಕೆ. ಉದ್ದನೆಯ ಸನ್ನೆಗೋಲಿನಂತೆ ಇಡೀ ಕಾಲು ಕೀಲನ್ನು ತಿರುಚುತ್ತದೆ. ಎರಡನೆಯದು ಸೀಟಿನ ಎತ್ತರ. ಹೀರೋ ಎಕ್ಸ್‌ಪಲ್ಸ್‌ನಂತಹ ಬೈಕುಗಳ ಸೀಟು ನೆಲದಿಂದ 820 ಮಿಲಿಮೀಟರ್‌ಗೂ ಮೇಲಿದೆ. ಸಾಧಾರಣ ಎತ್ತರದವರಿಗೆ ತುದಿಗಾಲಷ್ಟೇ ನೆಲಕ್ಕೆ ಎಟುಕುತ್ತದೆ. ಮೂರನೆಯದು, ಬಿದ್ದ ಬೈಕನ್ನು ಎತ್ತುವುದು. ಆಳವಾಗಿ ಬಗ್ಗಿ, ಮೈ ತಿರುಚಿ, 150 ಕಿಲೋ ಮೀರಿದ ಭಾರ ಎತ್ತುವುದು ಕೃತಕ ಕೀಲಿಗೆ ಬೀಳುವಿಕೆಯಷ್ಟೇ ಕೆಟ್ಟದ್ದು.

‘ನಾನು ಪಳಗಿದವನು, ಬೀಳುವುದಿಲ್ಲ’ ಎಂದು ಹೇಳುವವರಿಗೆ ಒಂದು ಉದಾಹರಣೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. ದೇಶದಲ್ಲಿ ಅವರಿಗಿಂತ ಪಳಗಿದ ಕೈ ಸಿಗುವುದು ಅಪರೂಪ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಅವರು ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಈ ಆಟದಲ್ಲಿ ಬೀಳುವುದು ಆಕಸ್ಮಿಕವಲ್ಲ, ಆಟದ ಒಂದು ಭಾಗವೇ. ತಲೆಗೆ ಹೆಲ್ಮೆಟ್ ಇದೆ. ಕೀಲಿನೊಳಗಿನ ಕಡ್ಡಿಗೆ ಹೆಲ್ಮೆಟ್ ಇಲ್ಲ.

ಇನ್ನು ಕೆಲವರು ಹೊರದೇಶದ ಆಟಗಾರರ ಹೆಸರು ಹೇಳುತ್ತಾರೆ. ಅಮೆರಿಕದ ಬೋ ಜಾಕ್ಸನ್ 1992ರಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡು 1993ರಲ್ಲಿ ಬೇಸ್‌ಬಾಲ್‌ಗೆ ಮರಳಿದರು ನಿಜ. ಆದರೆ ಮೈಮೇಲೆ ಬಿದ್ದು ಕೆಡಹುವ ಅಮೆರಿಕನ್ ಫುಟ್‌ಬಾಲ್‌ಗೆ ಮರಳಲಿಲ್ಲ. ಟೆನಿಸ್‌ನ ಆಂಡಿ ಮರ್ರೆ 2019ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಅದೇ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್ ಪಂದ್ಯಾವಳಿ ಗೆದ್ದರು. ಅವರಿಗೆ ಆಗಿದ್ದು ಚೆಂಡಿನ ಮೇಲೆ ಲೋಹದ ಟೋಪಿ ಕೂರಿಸುವ ಬೇರೊಂದು ಬಗೆ. ತೊಡೆಮೂಳೆಯ ಟೊಳ್ಳಿಗೆ ಉದ್ದನೆಯ ಕಡ್ಡಿ ಇಳಿಸುವುದಲ್ಲ. ಅವರ ಸಾಧನೆ ನಮಗೆ ಧೈರ್ಯ ಕೊಡಲಿ, ಅಳತೆಗೋಲು ಆಗುವುದು ಬೇಡ.

ನನ್ನ ಸಲಹೆ ಹೀಗಿದೆ. ಜಿಗಿತ, ಸ್ಪರ್ಧೆ, ಕಡಿದಾದ ಬಂಡೆಯ ದಾರಿ ಇವನ್ನು ಬಿಟ್ಟುಬಿಡಿ. ಅನೇಕ ಸರ್ಜನ್‌ಗಳು ಮಣ್ಣುದಾರಿಯ ಬೈಕೇ ಬೇಡ ಎನ್ನುತ್ತಾರೆ. ನಿಮ್ಮ ಸರ್ಜನ್ ಹಾಗೆ ಹೇಳಿದರೆ ಅಲ್ಲಿಗೆ ಮುಗಿಯಿತು. ಅವರು ಒಪ್ಪಿದರೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಾದು, ಹೊಸ ಎಕ್ಸ್-ರೇ ತೆಗೆಸಿದ ಮೇಲೆ, ಸಮತಟ್ಟಾದ ಹಳ್ಳಿಯ ಮಣ್ಣುರಸ್ತೆಯಲ್ಲಿ, ತಗ್ಗು ಸೀಟಿನ ಹಗುರ ಬೈಕಿನಲ್ಲಿ, ನಿಧಾನವಾಗಿ ಓಡಿಸಬಹುದು. ಮಳೆಗಾಲದ ಕೆಸರು ಬೇಡ. ಒಬ್ಬರೇ ಹೋಗಬೇಡಿ. ಬಿದ್ದ ಬೈಕನ್ನು ಜೊತೆಗಾರರೇ ಎತ್ತಲಿ.

ಬಿದ್ದರೆ?

ಕಾಲು ಗಿಡ್ಡವಾಗಿ, ಒಳಕ್ಕೋ ಹೊರಕ್ಕೋ ತಿರುಗಿ ನಿಂತಿದ್ದರೆ, ಏಳಲಾಗದಷ್ಟು ನೋವಿದ್ದರೆ ಕೀಲು ಜಾರಿರಬಹುದು ಅಥವಾ ಮೂಳೆ ಮುರಿದಿರಬಹುದು. ಕಾಲನ್ನು ಎಳೆದು ನೆಟ್ಟಗೆ ಮಾಡಲು ಯಾರಿಗೂ ಬಿಡಬೇಡಿ. ಎರಡು ಕಾಲುಗಳ ನಡುವೆ ಮಡಚಿದ ಬಟ್ಟೆಯಿಟ್ಟು, ಕಾಲು ಇದ್ದ ಹಾಗೆಯೇ ಇರಿಸಿ 108ಕ್ಕೆ ಕರೆ ಮಾಡಿ. ಪುತ್ತೂರು ಕಟ್ಟು, ನಾಟಿ ಕಟ್ಟು ಹಾಕಿಸುವ ಯೋಚನೆ ಬೇಡ. ಒಳಗೆ ಲೋಹವಿರುವ ಕೀಲಿಗೆ ಅದು ಹಾನಿಯೇ. ಮೂಳೆ ವಿಭಾಗ ಮತ್ತು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಮತ್ತೆ ಆಪರೇಷನ್ ಆಗಬಹುದಾದ್ದರಿಂದ ದಾರಿಯಲ್ಲಿ ಊಟ, ಕಾಫಿ ಕೊಡಬೇಡಿ.

ಬಿದ್ದಾಗ ಏನೂ ಆಗಲಿಲ್ಲವೆಂದು ತೋರಿದರೂ, ಮರುದಿನದಿಂದ ತೊಡೆಯಲ್ಲಿ ಹೊಸ ನೋವು ಕಂಡರೆ ಎಕ್ಸ್-ರೇ ಆಗಲೇಬೇಕು. ತರಚು ಗಾಯವನ್ನೂ ಸೋಪು ನೀರಿನಿಂದ ಚೆನ್ನಾಗಿ ತೊಳೆದು ಟಿಟಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ. ಕೀವು ತುಂಬಿದರೆ ಅಲ್ಲಿನ ರೋಗಾಣು ರಕ್ತದ ಮೂಲಕ ಕೃತಕ ಕೀಲಿಗೆ ಹೋಗಿ ನೆಲೆಸಬಹುದು. ಜ್ವರ, ಕೀಲಿನ ಬಳಿ ಕೆಂಪು, ಸ್ರಾವ ಕಂಡರೆ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗದೆ ಸರ್ಜನ್‌ರನ್ನು ಕಾಣಿ.

ಕಾಗದಪತ್ರ ಜೋಪಾನ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೀಲಿನ ಕಂಪನಿ, ಅಳತೆ, ಸಂಖ್ಯೆ ಇರುವ ಸ್ಟಿಕ್ಕರ್ ಅಂಟಿಸಿದೆಯೇ ನೋಡಿ. 2010ರಲ್ಲಿ ಡಿಪ್ಯೂ ಕಂಪನಿಯ ‘ಎಎಸ್‌ಆರ್’ ಎಂಬ ಲೋಹದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗ, ತಮಗೆ ಹಾಕಿರುವುದು ಯಾವುದು ಎಂದು ತಿಳಿಯಲು ಈ ವಿವರವೇ ಬೇಕಾಯಿತು. ಮತ್ತೆ ಆಪರೇಷನ್ ಮಾಡುವ ಸರ್ಜನ್‌ಗೂ ಇದೇ ಬೇಕು. ಅದರ ಫೋಟೋ ಒಂದನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಮನೆಯವರಿಗೂ ಕಳುಹಿಸಿ.

ಆಪರೇಷನ್ ಇನ್ನೂ ಆಗದವರು ‘ನಾನು ಬೈಕ್ ಓಡಿಸುತ್ತೇನೆ, ಬಿಡಲಾರೆ’ ಎಂದು ಸರ್ಜನ್‌ಗೆ ಮೊದಲೇ ಹೇಳಿ. ಸುಲಭವಾಗಿ ಜಾರದ ದೊಡ್ಡ ಚೆಂಡು ಮುಂತಾದ ಆಯ್ಕೆಗಳನ್ನು ಅವರು ಯೋಚಿಸಲು ಅದು ನೆರವಾಗುತ್ತದೆ. ಖರ್ಚಿನ ಚಿಂತೆಯಿದ್ದವರು ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ, ಇಲ್ಲದಿದ್ದರೆ ಸಂಜಯ ಗಾಂಧಿ ಆಸ್ಪತ್ರೆಯಂತಹ ಸರ್ಕಾರಿ ಮೂಳೆ ಆಸ್ಪತ್ರೆಯಲ್ಲಿ, ಯಾವ ಯೋಜನೆಯಡಿ ನೆರವು ಸಿಗುತ್ತದೆಂದು ಮೊದಲು ವಿಚಾರಿಸಿ.

ಮನೆಯವರಿಗೆ ಕೊನೆಯ ಮಾತು. ಬೀಗದ ಕೈ ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಬಚ್ಚಿಟ್ಟರೆ ಅವರು ಗೆಳೆಯನ ಗಾಡಿ ಓಡಿಸುತ್ತಾರೆ, ಬಿದ್ದರೂ ಹೇಳುವುದಿಲ್ಲ. ಅದರ ಬದಲು ಫಾಲೋ-ಅಪ್‌ಗೆ ಜೊತೆಯಲ್ಲಿ ಹೋಗಿ, ಎಕ್ಸ್-ರೇ ನೋಡಿ, ಅವರ ಎದುರಿನಲ್ಲೇ ಸರ್ಜನ್‌ರನ್ನು ಕೇಳಿ: ಯಾವ ಗಾಡಿ, ಯಾವ ರಸ್ತೆ, ಯಾವ ತಿಂಗಳಿನಿಂದ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಬರೆದ ಚೀಟಿ ಎದುರಿಗಿದ್ದರೆ ಮನೆಯಲ್ಲಿ ವಾದಕ್ಕೆ ಎಡೆ ಕಡಿಮೆ.